ಬೋರಲಿಟ್ಟ ಬ್ರೆಡ್ಡು

ಸೌದೆ ಒಲೆಯಲ್ಲಿ ಬ್ರೆಡ್ಡಿನ ಅಂಚು ತುಸು ಕರಕಲಾಗುವ ವಾಸನೆ. ಸೊಲೆನ್‌ಗೆ ಅದು ಅಜ್ಜಿಯ ಅಡುಗೆಮನೆಯ ವಾಸನೆ. ಚಿಕ್ಕವಳಿದ್ದಾಗ ಅವಳು ಬ್ರೆಡ್ಡನ್ನು ಮೇಜಿನ ಮೇಲೆ ಬೋರಲಿಟ್ಟರೆ ಅಜ್ಜಿ ಪಟ್ಟನೆ ಕೈಮೇಲೆ ಹೊಡೆದು ಅದನ್ನು ತಿರುಗಿಸಿಡುತ್ತಿದ್ದಳು. ಏಕೆಂದು ಮಾತ್ರ ಎಂದೂ ಹೇಳಲಿಲ್ಲ.

ಬೆರ್ರಿ ಸೀಮೆಯ ಹಳೆಯ ಕೋಟೆಗಳನ್ನು ನೋಡುತ್ತ ಒಬ್ಬಳೇ ಸೈಕಲ್ ತುಳಿಯುತ್ತಿದ್ದ ಸೊಲೆನ್, ಆ ಮಧ್ಯಾಹ್ನ ವಾಸನೆಯ ಜಾಡು ಹಿಡಿದೇ ಒದಿಲ್ ಎಂಬ ಮುದುಕಿಯ ಬೇಕರಿಗೆ ಬಂದಳು. ಹಲಗೆಗಳೆಲ್ಲ ಖಾಲಿ. ಕಿಟಕಿಯ ಬಳಿ ಒಂದೇ ಒಂದು ಬ್ರೆಡ್ಡಿತ್ತು, ಬೋರಲಾಗಿ.

"ಅದು ಮಾರೋದಲ್ಲ ಪುಟ್ಟಾ," ಎಂದಳು ಒದಿಲ್. "ಕೋಟೆಯವನ ಪಾಲು."

"ಆ ಪಾಳು ಕೋಟೇಲಿ ಯಾರಿದ್ದಾರೆ, ಮದಾಮ್?"

"ಗಲ್ಲಿಗೇರಿಸೋನು. ಹಿಂದೆ ಅಲ್ಲಿ ಒಬ್ಬ ತಪ್ಪಿಲ್ಲದ ಹುಡುಗನ್ನ ನೇಣಿಗೆ ಹಾಕಿದ್ರು. ಹುಡುಗನ ತಾಯಿ ಮಾಟ ಬಲ್ಲೋಳು. ಗಲ್ಲಿಗೇರಿಸೋನ ಜಾಗ ಎಂದೂ ಖಾಲಿಯಾಗದಿರಲಿ, ಅವನ ಬ್ರೆಡ್ ತಿಂದೋರೇ ಅವನ ಜಾಗಕ್ಕೆ ಬರಲಿ ಅಂತ ಕಟ್ಟು ಹಾಕಿಬಿಟ್ಲು. ಬೇರೆ ಯಾರೂ ಮುಟ್ಟದಿರಲಿ ಅಂತಾನೇ ಬೋರಲು ಇಡೋದು."

"ಕೊಡದಿದ್ರೆ?"

"ಹಸಿವಿಗೆ ಅಳ್ತಾನೆ. ಕೇಳೋಕಾಗಲ್ಲ."

ಸೊಲೆನ್ ಗೊಳ್ಳೆಂದು ನಕ್ಕಳು. "ಜತೆಗೆ ಬೆಣ್ಣೆನೂ ಬೇಕಂತಾ ಅವನಿಗೆ?"

ಒದಿಲ್ ಸಿಟ್ಟಾಗಲಿಲ್ಲ. "ಹಸಿದಿದ್ದೀಯ. ಕೂತ್ಕೋ, ಎರಡು ಮೊಟ್ಟೆ ಬೇಯಿಸಿ ತರ್ತೀನಿ," ಎಂದು ಒಳಗೆ ಹೋದಳು.

ಕೂರಲು ಸೊಲೆನ್‌ಗೆ ಪುರುಸೊತ್ತಿರಲಿಲ್ಲ. ಮಗಳು ನಿನೋನಳ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ಅದು ಬೀಳುವುದರೊಳಗೆ ಮನೆಗೆ ಬರುತ್ತೇನೆಂದು ಮಾತು ಕೊಟ್ಟಿದ್ದಳು. ಕೋಟೆ ನೋಡಿ ಸಂಜೆಯ ರೈಲು ಹಿಡಿಯಬೇಕು. ಅವಳು ಬ್ರೆಡ್ಡನ್ನು ಎತ್ತಿಕೊಂಡು, ಆ ಜಾಗದಲ್ಲಿ ದುಡ್ಡಿಟ್ಟು ಹೊರಟುಬಿಟ್ಟಳು.

ಕೋಟೆಯ ಅಡುಗೆಮನೆಗೆ ಒಂದೇ ಕಿಟಕಿ. ಒದ್ದೆ ಕಲ್ಲಿನ, ಬಾವಲಿ ಹಿಕ್ಕೆಯ, ಹಳೆಯ ಮಸಿಯ ನಾತ. ಒಲೆಯ ಕಟ್ಟೆಯ ಮೇಲೆ ಕೂತು ಮುರಿದು ತಿಂದಳು. ಕರುಂ ಕರುಂ ಸದ್ದು ಗೋಡೆಗಳಲ್ಲಿ ಮರುದನಿಸಿತು. ಕೊನೆಯ ತುತ್ತು ನುಂಗಿದಳು.

ಸದ್ದು ನಿಲ್ಲಲಿಲ್ಲ. ಕತ್ತಲಲ್ಲಿ ಯಾರೋ ಬರಿಬಾಯಿ ಜಗಿಯುತ್ತಿದ್ದರು.

"ಪೂರ್ತಿ ತಿಂದ್ರಾ?"

ಮೂಲೆಯಿಂದ ಒಬ್ಬ ಗಂಡಸು ತೆವಳುತ್ತ ಬಂದ. ಬೆನ್ನಿಗೆ ಬೂಷ್ಟು ಹಿಡಿದ ಪ್ರವಾಸದ ಚೀಲ. ಕಣ್ಣಲ್ಲಿ ನೀರು. ಅವಳ ಎರಡೂ ಕೈಗಳಿಗೆ ಮುತ್ತಿಟ್ಟ.

"ನಾನೂ ನೋಡೋಕೆ ಅಂತಾನೇ ಬಂದಿದ್ದೆ. ನಿಮ್ಮ ಥರಾನೇ ನಕ್ಕಿದ್ದೆ. ಮನೇಲಿ ಎಳೆ ಮಗನಿದ್ದ." ಸ್ವಲ್ಪ ಯೋಚಿಸಿದ. "ಈಗ ಮುದುಕನಾಗಿರಬೇಕು."

ಎದ್ದು ನಿಂತ. ಹೊಸ್ತಿಲು ದಾಟಿದ. ಹೊರಗೆ ಅವಳ ಸೈಕಲ್ಲಿನ ಗಂಟೆ ಕಿಣಿಕಿಣಿ ಎಂದಿತು. ದೂರವಾಯಿತು.

ಸೊಲೆನ್ ಓಡಿದಳು. ಬಾಗಿಲು ತೆರೆದೇ ಇತ್ತು. ಕಾಲು ಎತ್ತಿದಳು. ಹೊಸ್ತಿಲಾಚೆ ಇಳಿಯಲಿಲ್ಲ. ಮತ್ತೆ ಎತ್ತಿದಳು. ಇಳಿಯಲಿಲ್ಲ. ಕೂಗಿದಳು. ಗಂಟಲಿನಿಂದ ಹಸಿವಿನ ಅಳು ಬಂತು. ಅಂಗೈ ಉರಿಯಿತು. ಮೂಸಿದಳು. ಬ್ರೆಡ್ಡಿನ ಪರಿಮಳವಿಲ್ಲ. ಬೆವರಿನಲ್ಲಿ ನೆನೆದ ಹಗ್ಗದ ವಾಸನೆ. ಉಜ್ಜಿದಳು. ಗೋಡೆಗೆ ತಿಕ್ಕಿದಳು. ಚರ್ಮ ಸುಲಿಯಿತು. ವಾಸನೆ ಹೋಗಲಿಲ್ಲ.

ಬೆಳಗಾದಾಗ ಕಿಟಕಿಯಾಚೆ ಮರದ ಪಾದುಕೆಗಳ ಸದ್ದಾಯಿತು.

"ಮದಾಮ್! ನನ್ನ ಮಗಳ ಹಲ್ಲು... ಅವಳು ಕಾಯ್ತಿರ್ತಾಳೆ!"

ಒದಿಲ್ ಮುಖವೆತ್ತಲಿಲ್ಲ. ಸುತ್ತಿ ತಂದಿದ್ದ ಬಟ್ಟೆ ಬಿಚ್ಚಿ, ಬಿಸಿ ಬ್ರೆಡ್ಡನ್ನು ಕಿಟಕಿಯ ಕಲ್ಲಿನ ಮೇಲೆ ಬೋರಲಿಟ್ಟಳು. ಪಕ್ಕದಲ್ಲಿ ಎರಡು ಬೇಯಿಸಿದ ಮೊಟ್ಟೆಗಳನ್ನಿಟ್ಟು, ಮೆಲ್ಲಗೆ ಒಳಕ್ಕೆ ತಳ್ಳಿದಳು. ಸಿಪ್ಪೆ ಸುಲಿದೇ ತಂದಿದ್ದಳು.