ಯಶವಂತನ ಕೋಣೆಯ ಕಂಪ್ಯೂಟರು

"ಅಂವಗ ಬ್ಯಾಡಾಗ್ಯಾದ ಮಾಮಾ," ಎಂದಳು ಮಲ್ಲಿಕಾ. "ಆ ಕೋಣ್ಯಾಗ ಕಂಪ್ಯೂಟರ್ ಇಡೋದು ಅಂವಗ ಬ್ಯಾಡಾಗ್ಯಾದ."

ಅಂವ ಎಂದರೆ ಅವಳ ಗಂಡ ಯಶವಂತ. ಹೋದ ಬೇಸಿಗೆಯಲ್ಲಿ ಬಾಳೆತೋಟದ ಮೋಟಾರು ಚಾಲೂ ಮಾಡಲು ಹೋಗಿ ಕರೆಂಟು ಹೊಡೆದು ಸತ್ತವನು.

ದೌಲಪ್ಪನ ಕೈಯಲ್ಲಿದ್ದ ಬಸಿಯಿಂದ ಚಹಾ ಚೆಲ್ಲಿತು. ಅವನು ಮಲ್ಲಿಕಾಳ ಸೋದರಮಾವ, ಕಲಬುರಗಿಯಲ್ಲಿ ಜೀಪು ಓಡಿಸುವವನು. ಅಡ್ಡ ಬಂದ ಲಾರಿಯವನನ್ನು ಕೆಳಗಿಳಿಸಿ ಜಗಳ ತೆಗೆಯುವಷ್ಟು ಸಿಟ್ಟು. ಸತ್ತವರ ಮಾತು ಬಂದರೆ ಹಗಲಲ್ಲೂ ಬೆವರುವಷ್ಟು ಅಂಜಿಕೆ. ಎರಡೂ ಅವನಿಗೆ ಹುಟ್ಟಿನಿಂದ ಬಂದಿದ್ದವು.

"ಏ ಹುಚ್ಚೀ, ಸತ್ತವರು ಕಂಪ್ಯೂಟರ್ ಬಂದ್ ಮಾಡ್ತಾರೇನು?" ಎಂದು ಗದರಿದ. ಗದರಿಕೆಯಲ್ಲಿ ಜೀವವಿರಲಿಲ್ಲ.

ಎದುರಿನ ಕುರ್ಚಿಯಲ್ಲಿ ಧೀರೇಂದ್ರ ಕುಲಕರ್ಣಿಯವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರು ವಿಮಾ ಕಂಪನಿಯಿಂದ ನಿವೃತ್ತರಾದವರು. ಸುಟ್ಟ ಗೋದಾಮು ಹೊಕ್ಕು, ಬೆಂಕಿ ತಾನಾಗಿ ಬಿದ್ದದ್ದೋ ಯಾರಾದರೂ ಹಚ್ಚಿದ್ದೋ ಎಂದು ಹೇಳುವುದೇ ಅವರ ನೌಕರಿಯಾಗಿತ್ತು. ಅವರ ಹಳೆಯ ಸ್ಕೂಟರು ತಿರುವಿನಲ್ಲಿ ಕಂಡರೆ ನೆಹರು ಗಂಜಿನ ಮಾರುಕಟ್ಟೆಯ ಕೆಲವು ಸಾಹುಕಾರರ ಬಾಯಿ ಒಣಗುತ್ತಿತ್ತು. ಈಗ ಬ್ರಹ್ಮಪುರದ ಅವರ ಮನೆಯ ಈ ಪಡಸಾಲೆಗೆ ಜನ ಇಂಥ ತೊಡಕು ಹಿಡಿದು ತಾವಾಗಿಯೇ ಬರುತ್ತಿದ್ದರು. ಅವರನ್ನು ಎಲ್ಲೆಂದರಲ್ಲಿ ಕರೆದೊಯ್ಯುವ ಕೆಲಸ ದೌಲಪ್ಪನ ಜೀಪಿನದು.

"ಸತ್ತವರ ಮ್ಯಾಲೆ ಅನುಮಾನ ಕಡೀಕ ಪಡೋಣು," ಎಂದರು ಧೀರೇಂದ್ರ. "ಮೊದಲಿಂದ ಹೇಳವ್ವಾ. ಏನೂ ಬಿಡಬ್ಯಾಡ."

ಮಲ್ಲಿಕಾ ಹೇಳಿದಳು. ಅವಳು ಕಲಬುರಗಿಯ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಡಿಸೈನು ಮಾಡುತ್ತಿದ್ದಳು. ದಿನಾ ಕಮಲಾಪುರದಿಂದ ಬಸ್ಸಿಗೆ ಬಂದು ಹೋಗುವುದು. ಮನೆಯಲ್ಲಿ ಅತ್ತೆ ಶಾರದಾಬಾಯಿ ಇಡೀ ದಿನ ಒಬ್ಬರೇ ಮಗನ ಫೋಟೋದ ಮುಂದೆ ಕೂತಿರುತ್ತಿದ್ದರು. ಮನೆಯಿಂದಲೇ ಕೆಲಸ ಮಾಡಿ ಕಳಿಸು ಎಂದು ಪ್ರೆಸ್ಸಿನವರು ಒಪ್ಪಿದ ಮೇಲೆ, ಯಶವಂತನ ಗೆಳೆಯ ಜಹೀರುದ್ದೀನ್ ಬಿಡಿಭಾಗ ತಂದು ಮೋಮಿನಪುರದ ತನ್ನ ಅಂಗಡಿಯಲ್ಲಿ ಕಂಪ್ಯೂಟರು ಜೋಡಿಸಿದ. ಒಂದು ಶುಕ್ರವಾರ ಮನೆಗೆ ತಂದು ಯಶವಂತನ ಕೋಣೆಯ ಮೇಜಿನ ಮೇಲೆ ನಿಲ್ಲಿಸಿದ. ಗುಂಡಿ ಒತ್ತಿದ ಕೂಡಲೇ ಚಾಲೂ ಆಯಿತು. ಎಲ್ಲರೂ ನೋಡಿದರು.

"ಆಮ್ಯಾಲ ಬಂದ್ ಮಾಡಿ ಪೂಜಾ ಮಾಡಿದ್ವಿ. ಪೂಜಾ ಮುಗಿಸಿ ಒತ್ತಿದ್ರ ಒಳಗಿನ ಫ್ಯಾನು ಒಂದ್ಸಲ ಜಗ್ಗಿ ನಿಂತುಬಿಡ್ತು. ಥೇಟ್ ಕರೆಂಟ್ ಹೊಡದವರಂಗ. ಜಹೀರಣ್ಣನ ಅಂಗಡಿಗಿ ಒಯ್ದ್ರ ಚಾಲೂ. ಮನಿಗಿ ತಂದ್ರ ಬಂದ್. ಒಳಗಿನ ಮೆಮೊರಿ ಬದಲಿ ಮಾಡಿ ತಂದಾ. ಮತ್ತ ಬಂದ್! ಅದೇ ಪ್ಲಗ್ಗಿನ್ಯಾಗ ಮಿಕ್ಸರ್ ನಡೀತದ್ರಿ ಸಾಹೇಬ್ರ. ಅದೊಂದೇ ನಡಿಯಂಗಿಲ್ಲ."

"ಮನ್ಯಾಗ ಏನಂತಾರ?"

"ವಿವೇಕಾನಂದ ಭಾವೋರು, ಜಹೀರ ಬೇಕಂತಲೇ ಕೆಡಸ್ಯಾನ, ಪೊಲೀಸರಿಗಿ ಹೇಳ್ತೀನಂತಾರ. ಅತ್ತಿ ಮಾತೇ ಬಿಟ್ಟಾರ. ಇವತ್ತೂ ಚಾಲೂ ಆಗ್ಲಿಲ್ಲಂದ್ರ ನಾ ಆ ಮನಿ ಬಿಟ್ಟು ತವರಿಗಿ ಹೋಗ್ತೀನಿ. ಅಂವಗ ಬ್ಯಾಡಾದ ಮನ್ಯಾಗ ನಾ ಹೆಂಗಿರ್ಲಿ?"

ದೌಲಪ್ಪ ಬಸಿ ಕೆಳಗಿಟ್ಟ. ಯಶವಂತ ಸತ್ತ ಮೇಲೆ ಆ ಅತ್ತೆ ಸೊಸೆ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ಒಬ್ಬರು ಅತ್ತರೆ ಇನ್ನೊಬ್ಬರು ಏಳುತ್ತಿದ್ದರು. ಇವಳು ಹೊರಬಿದ್ದರೆ ಆ ಮುದುಕಿ ಉಳಿಯುವುದಿಲ್ಲ. ಅದು ಅವನಿಗೆ ಗೊತ್ತಿತ್ತು.

ಮೋಮಿನಪುರದ ಅಂಗಡಿಯಲ್ಲಿ ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಮೇಲೆ ಅಡ್ಡ ಮಲಗಿತ್ತು. ಮೇಲ್ಬದಿಯ ಗಾಜಿನೊಳಗೆ ಫ್ಯಾನು ಸಲೀಸಾಗಿ ತಿರುಗುತ್ತಿತ್ತು. ಜಹೀರುದ್ದೀನ್‌ನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ನೋಡ್ರಿ ಸರ್, ಮುಂಜಾನಿಂದ ನಡೀಲಾಕತ್ತಾದ. ಅಲ್ಲಾ ಕಸಮ್, ನಾ ಏನೂ ಮಾಡಿಲ್ಲ. ಯಶವಂತ ನನ್ನ ಜಿಗ್ರಿ ದೋಸ್ತ್. ಅವನ ಹೆಂಡತಿಗಿ ನಾ ಮೋಸ ಮಾಡ್ಲೇನು?"

"ರಿಪೇರಿ ಮಾಡೋವಾಗ ಯಾವಾಗ್ಲೂ ಹಿಂಗೇ ಮಲಗಿಸ್ತೀಯೇನು?" ಎಂದು ಕೇಳಿದರು ಧೀರೇಂದ್ರ.

"ಹೌದ್ರಿ. ಗಾಜು ತೆಗೆದು ಮ್ಯಾಲಿಂದ ಕೈ ಹಾಕ್ಲಾಕ ಸಸಾರ. ಎಲ್ಲರೂ ಹಿಂಗೇ ಮಾಡ್ತಾರ."

"ಈ ಕಡಿ ಗಾಜು. ಕೆಳಗಿನ ಕಡಿ ಏನದ?"

"ಆ ಕಡಿ ತಗಡಿನ ಮುಚ್ಚಳ. ಒಳಗ ಬೋರ್ಡಿನ ಬೆನ್ನು, ವೈರಿನ ಕಟ್ಟು. ಅಷ್ಟೇ."

"ಕೆಟ್ಟ ಮ್ಯಾಲೆ ಅದನ್ನ ಬಿಚ್ಚಿ ನೋಡಿಯೇನು?"

ಜಹೀರುದ್ದೀನ್ ಹುಬ್ಬು ಗಂಟಿಕ್ಕಿದ. "ಯಾಕ ಬಿಚ್ಚಬೇಕ್ರಿ? ನನ್ನ ಕೈಲೇ ಕಟ್ಟಿದ ವೈರು. ಜಡಿ ಹೆಣೆದಂಗ ಕಟ್ಟೀನಿ."

"ಪೂಜಾದ ದಿನ ಮುಚ್ಚಳ ಹಾಕಿತ್ತೋ, ತೆಗೆದಿತ್ತೋ?"

"ಯಶವಂತನ ಅಮ್ಮ ಹೇಳಿದ್ರು, ತಿಜೋರಿ ಪೂಜಾ ಮಾಡೋವಾಗ ಬಾಗಿಲಾ ತೆರೀತೀವಿ, ಇದರವೂ ತೆರಿಯಪ್ಪಾ ಅಂತ. ಎರಡೂ ಕಡಿ ತೆಗೆದಿಟ್ಟು ಜುಮ್ಮಾ ನಮಾಜಿಗಿ ಹೋದೆ. ಬರೋದ್ರಾಗ ತಗಡು ಯಾರೋ ಹಾಕಿದ್ರು. ನಾ ಗಾಜು ಹಾಕಿ, ಎಲ್ಲಾ ಸ್ಕ್ರೂ ಬಿಗಿ ಮಾಡ್ದೆ."

ಮಾತಾಡುತ್ತಲೇ ಅವನು ಸ್ಕ್ರೂ ಡ್ರೈವರಿಗೆ ಕೈ ಹಾಕಿದ. ಧೀರೇಂದ್ರ ತಡೆದರು. "ಇಲ್ಲಿ ಬಿಚ್ಚಬ್ಯಾಡ. ಹಿಂಗೇ ಜೀಪಿನ್ಯಾಗ ಇಡು. ನೀನೂ ಬಾ."

ಕಮಲಾಪುರ ಮುಟ್ಟುವಾಗ ಮಟಮಟ ಮಧ್ಯಾಹ್ನ. ಬಿಸಿಲಿಗೆ ಓಣಿಯಲ್ಲಿ ನಾಯಿಯೂ ಇರಲಿಲ್ಲ. ಬಾಗಿಲಲ್ಲಿ ಯಶವಂತನ ಅಣ್ಣ ವಿವೇಕಾನಂದ ನಿಂತಿದ್ದ. ಕೈಯಲ್ಲಿ ಒಣ ಬಿದಿರಿನ ಕೋಲು.

"ಮತ್ತ ತಂದ್ರೇನು ಆ ಹೆಣಾ?" ಎಂದ. ಜಹೀರುದ್ದೀನ್‌ನನ್ನು ಕಂಡು ಹಲ್ಲು ಕಚ್ಚಿದ. "ಇಂವನ್ನೂ ಕರ್ಕೊಂಡು ಬಂದ್ರೇನು? ಗುಲ್ಬರ್ಗಾದಾಗ ಚಾಲೂ ಮಾಡ್ತಾನ, ಇಲ್ಲಿ ಬಂದು ಕೊಲ್ತಾನ!"

"ಬಾಯಿ ಬಿಗಿ ಹಿಡಿ!" ಎಂದು ದೌಲಪ್ಪ ಮುಂದೆ ನುಗ್ಗಿದ. "ಆ ಕೋಲು ಯಾರಿಗಿ ತೋರಸ್ತೀ?"

ಆದರೆ ಕೋಲು ಯಾರಿಗೂ ಅಲ್ಲ. ವಿವೇಕಾನಂದ ಒಳಗೆ ಬಂದು ಗೋಡೆಯ ಸ್ವಿಚ್ಚನ್ನು ಅದರ ತುದಿಯಿಂದ ದೂರ ನಿಂತೇ ಒತ್ತಿದ. ದೀಪ ಹತ್ತಿತು. ತಮ್ಮ ಸತ್ತ ದಿನದಿಂದ ಅವನು ಬರಿಗೈಯಲ್ಲಿ ಯಾವ ಸ್ವಿಚ್ಚನ್ನೂ ಮುಟ್ಟಿರಲಿಲ್ಲ. ದೌಲಪ್ಪನ ಸಿಟ್ಟು ಅಲ್ಲೇ ಇಳಿದುಹೋಯಿತು.

ಯಶವಂತನ ಕೋಣೆಯ ಕಿಟಕಿ ಮುಚ್ಚಿತ್ತು. ಒಣಗಿದ ಮಾಲೆಯ ಹಿಂದಿನಿಂದ ಯಶವಂತನ ಫೋಟೋ ನಗುತ್ತಿತ್ತು. ಶಾರದಾಬಾಯಿ ಮೂಲೆಯಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದರು. ಜಹೀರುದ್ದೀನ್ ಪೆಟ್ಟಿಗೆಯನ್ನು ಮೇಜಿನ ಮೇಲೆ ನಿಲ್ಲಿಸಿ ವೈರು ಹಾಕಿದ.

"ಒತ್ತವ್ವಾ," ಎಂದರು ಧೀರೇಂದ್ರ.

ಮಲ್ಲಿಕಾ ಗುಂಡಿ ಒತ್ತಿದಳು. ಫ್ಯಾನು ಒಮ್ಮೆ ಜಗ್ಗಿತು. ಒಳಗೆಲ್ಲೋ ಟಕ್ ಎಂದಿತು. ನಿಂತುಬಿಟ್ಟಿತು.

ಫೋಟೋದ ಮಾಲೆ ಅಲುಗಿತು. ಮೇಲಿನ ಫ್ಯಾನಿನ ಗಾಳಿಗೇ ಅಲುಗಿರಬೇಕು. ಆದರೂ ದೌಲಪ್ಪ ಎರಡೇ ಹೆಜ್ಜೆಗೆ ಬಾಗಿಲ ಹೊರಗಿದ್ದ. ಮಲ್ಲಿಕಾ ಬಾಯಿಗೆ ಸೆರಗು ಒತ್ತಿಕೊಂಡಳು. ಶಾರದಾಬಾಯಿಯವರ ಬಲಗೈ ಎಡ ರಟ್ಟೆಗೆ ಹೋಯಿತು, ಅಲ್ಲಿ ಏನನ್ನೋ ತಡಕಿತು, ಸಿಗದೆ ಕೆಳಗಿಳಿಯಿತು. ಆ ರಟ್ಟೆಯ ಮೇಲೆ ಬಿಸಿಲು ಕಾಣದ ಚರ್ಮದ ತೆಳ್ಳನೆಯ ಬಿಳಿ ಗೆರೆ ಸುತ್ತುವರಿದಿತ್ತು. ಧೀರೇಂದ್ರರ ಕಣ್ಣು ಅಲ್ಲಿ ಒಂದು ಗಳಿಗೆ ನಿಂತಿತು.

"ಜಹೀರಾ, ಇದನ್ನ ಮಂಚದ ಮ್ಯಾಲೆ ಮಲಗಿಸು. ಅಂಗಡ್ಯಾಗ ಮಲಗಿಸಿದ್ದಂಗ, ಗಾಜು ಮ್ಯಾಲೆ. ಈಗ ಒತ್ತವ್ವಾ."

ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. ಪರದೆಯ ಬೆಳಕು ಫೋಟೋದ ಗಾಜಿನ ಮೇಲೆ ಬಿತ್ತು. ಖುಷಿಪಡುವ ಬದಲು ಎಲ್ಲರೂ ಹಿಂದೆ ಸರಿದರು.

"ಬಂದ್ ಮಾಡು. ನಿಲ್ಲಿಸು. ಒತ್ತು."

ಜಗ್ಗಿತು. ಟಕ್. ನಿಂತಿತು.

"ಮಲಗಿದ್ರ ಉಸಿರಾಡ್ತದ, ಎದ್ದು ನಿಂತ್ರ ಸಾಯ್ತದ!" ದೌಲಪ್ಪ ಬಾಗಿಲ ಚೌಕಟ್ಟು ಗಟ್ಟಿ ಹಿಡಿದಿದ್ದ. "ಸಾಹೇಬ್ರ, ಹೋಗೋಣ ನಡೀರಿ. ಇದು ನಮ್ಮಂಥವರ ಕೆಲಸಲ್ಲ."

"ನಮ್ಮಂಥವರದೇ ಕೆಲಸ. ಒಳಗ ಬಾ. ಎಲ್ಲರೂ ಕೂಡ್ರಿ," ಎಂದರು ಧೀರೇಂದ್ರ. ತಾವು ಮಂಚದ ಅಂಚಿಗೆ, ಆ ಪೆಟ್ಟಿಗೆಯ ಪಕ್ಕದಲ್ಲೇ ಕೂತರು.

"ಊರಿನ ದೋಷ ಅಲ್ಲ, ಕೋಣಿ ದೋಷ ಅಲ್ಲ. ಇದೇ ಕೋಣ್ಯಾಗ ಮಲಗಿಸಿದ್ರ ನಡೀತು, ನೀವೇ ನೋಡಿದ್ರಿ. ಅಂದ ಮ್ಯಾಲೆ ಯಶವಂತನ್ನ ಬಿಟ್ಟುಬಿಡ್ರಿ. ಪಾಪ, ಅವನ ತಪ್ಪಿಲ್ಲ." ಮಲ್ಲಿಕಾಳ ಕಣ್ಣಿಂದ ನೀರು ಉದುರಿತು. "ಕಲಬುರಗ್ಯಾಗ ನಡೀಲಿಕ್ಕೆ ಕಾರಣ ಒಂದೇ. ಅಲ್ಲಿ ಇದು ಮಲಗಿರ್ತಿತ್ತು, ಇಲ್ಲಿ ನಿಂತಿರ್ತಿತ್ತು. ಇನ್ನ ಆ ಟಕ್ ಅನ್ನೋದು. ಒಳಗ ಲೋಹ ತಾಕಬಾರದ ಕಡಿ ತಾಕಿ ಕರೆಂಟು ಅಡ್ಡದಾರಿ ಹಿಡೀತಂದ್ರ, ಪೆಟ್ಟಿಗಿಗೆ ಕರೆಂಟು ಕೊಡೋ ಡಬ್ಬಿ ಅಂಜಿ ತಾನೇ ಬಂದ್ ಆಗ್ತದ. ಮನಿ ಫ್ಯೂಜಿದ್ದಂಗ. ಸುಟ್ಟ ಅಂಗಡಿಗಳಾಗ ಇಂಥಾದ್ದು ಬೇಕಾದಷ್ಟು ನೋಡೀನಿ. ಅಂದ್ರ ಏನೋ ಒಂದು ಒಳಗ ಜೋತಾಡ್ಲಿಕತ್ತದ. ನಿಲ್ಲಿಸಿದ್ರ ಬೋರ್ಡಿಗೆ ತಾಕ್ತದ, ಮಲಗಿಸಿದ್ರ ಕೆಳಗಿನ ಮುಚ್ಚಳದ ಮ್ಯಾಲೆ ಬೀಳ್ತದ. ಗಾಜಿನ ಕಡಿ ಇದ್ದಿದ್ರ ಜಹೀರ ನೋಡ್ತಿದ್ದ. ಹಂಗಾರ ಬೆನ್ನಿನ ಕಡಿ ಅದ. ಅದನ್ನ ಇಂವ ಒಮ್ಮೆನೂ ಬಿಚ್ಚಲಿಲ್ಲ. ತನ್ನ ಜಡಿ ಮ್ಯಾಲೆ ಅಷ್ಟು ಅಭಿಮಾನ!"

ಜಹೀರುದ್ದೀನ್ ತಲೆ ಕೆಳಗೆ ಹಾಕಿದ.

"ಇಂವನೇ ಯಾಕ ಇಟ್ಟಿರಬಾರದು?" ಎಂದ ವಿವೇಕಾನಂದ.

"ಇಂವ ಇಟ್ಟಿದ್ರ ಅಂಗಡ್ಯಾಗ ನನ್ನ ಮುಂದೆ ಬಿಚ್ಚಲಿಕ್ಕೆ ಕೈ ಹಾಕ್ತಿರಲಿಲ್ಲ. ನಾನೇ ಬ್ಯಾಡಂದೆ. ಅಲ್ಲಿ ಬಿಚ್ಚಿದ್ರ, ಏನು ಸಿಕ್ಕರೂ ಇವನೇ ಇಟ್ಟಾನ ಅಂತಿದ್ದಿ ನೀ. ಪೂಜಾಕ್ಕ ಮೊದಲು ಇದು ನಿಂತೇ ನಡೀತು. ಪೂಜಾದ ಹೊತ್ತಿನ್ಯಾಗ ಇಂವ ನಮಾಜಿಗೆ ಹೋಗಿದ್ದ, ಬೆನ್ನಿನ ಮುಚ್ಚಳ ತೆರೆದಿತ್ತು. ಬರೋದ್ರಾಗ ಯಾರೋ ಮುಚ್ಚಿದ್ರು. ಮನ್ಯಾಗಿದ್ದವರು ಮೂರು ಮಂದಿ."

"ನನ್ನ ಮ್ಯಾಲ ಬಂತೇನು?" ವಿವೇಕಾನಂದ ಎದ್ದು ನಿಂತ.

"ಕೂಡಪ್ಪಾ. ದೀಪದ ಸ್ವಿಚ್ಚನ್ನೇ ಕೋಲಿನಿಂದ ಒತ್ತಾಂವ, ಕರೆಂಟಿನ ಪೆಟ್ಟಿಗ್ಯಾಗ ಕೈ ಹಾಕ್ತಾನೇನು? ನೀ ಸುಳ್ಳು ಹೇಳಿದ್ರೂ ನಿನ್ನ ಅಂಜಿಕಿ ಸುಳ್ಳು ಹೇಳೂದಿಲ್ಲ. ಇನ್ನ ಮಲ್ಲಿಕಾ. ತಾನೇ ಇಟ್ಟಿದ್ರ ನನ್ನ ಹತ್ರ ಯಾಕ ಬರ್ತಿದ್ದಳು?"

ಎಲ್ಲರ ಕಣ್ಣು ಮೂಲೆಗೆ ಹೋದವು. ಧೀರೇಂದ್ರರ ದನಿ ಮೆತ್ತಗಾಯಿತು.

"ಶಾರದಾಬಾಯಿ, ನಿಮ್ಮ ಎಡ ರಟ್ಟಿ ಮ್ಯಾಲೆ ಏನು ಕಟ್ಟಿದ್ರಿ? ಅಂಜಿದಾಗ ಕೈ ಅಲ್ಲಿಗೆ ಹೋಗ್ತದ, ಸಿಗೂದಿಲ್ಲ."

ಮುದುಕಿ ಸೆರಗನ್ನು ರಟ್ಟೆಯ ಮೇಲೆ ಎಳೆದುಕೊಂಡರು. ಧೀರೇಂದ್ರರು ಸನ್ನೆ ಮಾಡಿದರು. ಜಹೀರುದ್ದೀನ್ ಕರೆಂಟಿನ ವೈರು ಕಿತ್ತು ಬೆನ್ನಿನ ತಗಡು ತೆಗೆದ. ಅವನ ಜಡೆಯಂಥ ವೈರಿನ ಕಟ್ಟಿಗೆ ಕರಿ ದಾರದಲ್ಲಿ ಒಂದು ತಾಮ್ರದ ತಾಯಿತ ಬಿಗಿದಿತ್ತು. ಪೆಟ್ಟಿಗೆ ನಿಲ್ಲಿಸಿದರೆ, ಬೋರ್ಡಿನ ಬೆನ್ನು ತೆರೆದಿರುವ ಕಿಂಡಿಗೆ ಅದು ಸರಿಯಾಗಿ ಬಂದು ಒರಗುತ್ತಿತ್ತು.

"ಯಶವಂತಂದು," ಎಂದಳು ಮಲ್ಲಿಕಾ ಪಿಸುದನಿಯಲ್ಲಿ.

ಆಗ ಶಾರದಾಬಾಯಿ ನೆಲಕ್ಕೆ ಕುಸಿದರು. "ಅಂವ ಹುಟ್ಟಿದಾಗ ಬಂದೇನವಾಜರ ದರ್ಗಾದಿಂದ ತಂದಿದ್ದೆ. ಎಂದೂ ಮೈಮ್ಯಾಲಿಂದ ತೆಗಿದಾಂವಲ್ಲ. ಆ ದಿನ ದಾರ ಹರಿದು ಮನ್ಯಾಗೇ ಬಿದ್ದಿತ್ತು, ಹಂಗೇ ತ್ವಾಟಕ್ಕ ಹೋದ. ಕರೆಂಟ್ ಅಂವನ್ನ ಒಯ್ತು. ಅವತ್ತಿಂದ ಅದನ್ನ ನನ್ನ ರಟ್ಟಿಗಿ ಕಟ್ಕೊಂಡಿದ್ದೆ. ಮತ್ತ ಇಕಿ ಕರೆಂಟಿನ ಡಬ್ಬೀನ್ನ ಮನಿಗಿ ತಂದಳು, ದಿನಾ ಅದರ ಮುಂದೇ ಕೂಡ್ತೀನಂದಳು. ನಾ ಏನ್ ಮಾಡ್ಲಿ? ನನ್ನ ರಟ್ಟಿದು ಬಿಚ್ಚಿ ಅದರ ಒಳಗೇ ಕಟ್ಟಿದೆ."

"ಬಂದ್ ಆದಾಗರ ಹೇಳಬಾರದೇನವಾ?" ದೌಲಪ್ಪ ಸಿಡಿದ. "ಈ ಹುಡುಗಿ ಅಂಜಿ ಅಂಜಿ ಅರ್ಧ ಸತ್ತಾಳ! ಪೊಲೀಸರತನ ಹೋಗ್ತಿತ್ತು!"

"ಹೇಳಿದ್ರ ತೆಗೀತಿದ್ರಿ. ಅದು ಬಂದ್ ಆದಾಗೆಲ್ಲ ತಾಯಿತೇ ಇಕೀನ್ನ ಕಾಯ್ಲಾಕತ್ತಾದ ಅಂದ್ಕೊಂಡೆ. ಕರೆಂಟ್ ಬರ್ಲಾರದಂಗ ತಡೀಲಾಕತ್ತಾದ ಅಂದ್ಕೊಂಡೆ."

ಮುದುಕಿ ಅಂದುಕೊಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತಾಯಿತ ನಿಜಕ್ಕೂ ಕರೆಂಟನ್ನು ತಡೆದಿತ್ತು.

ವಿವೇಕಾನಂದ ಕೋಲನ್ನು ಗೋಡೆಗೆ ಒರಗಿಸಿ ಜಹೀರುದ್ದೀನ್‌ನ ಹೆಗಲ ಮೇಲೆ ಕೈಯಿಟ್ಟ. "ತಪ್ಪಾತಪ್ಪಾ," ಎಂದ. ಜಹೀರುದ್ದೀನ್ ತಾಯಿತ ಬಿಚ್ಚಿ ಮಲ್ಲಿಕಾಳ ಅಂಗೈಯಲ್ಲಿಟ್ಟ. ಅವಳು ಅತ್ತೆಯ ಪಕ್ಕ ನೆಲದ ಮೇಲೆ ಕೂತು, ಆ ಬಿಳಿ ಗೆರೆಯ ಮೇಲೆಯೇ ಅದನ್ನು ಕಟ್ಟಿ ಗಂಟು ಹಾಕಿದಳು.

"ಇದು ನಿಮ್ಮ ರಟ್ಟಿ ಮ್ಯಾಲೇ ಇರ್ಲಿ ಅತ್ತೀ. ನೀವು ನನ್ನ ಹತ್ರ ಕೂಡ್ರಿ. ಅಷ್ಟಾದ್ರ ಸಾಕು. ನಾ ಎಲ್ಲೂ ಹೋಗಂಗಿಲ್ಲ."

ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಮೇಜಿನ ಮೇಲೆ ನಿಲ್ಲಿಸಿದರು. ಮಲ್ಲಿಕಾ ಗುಂಡಿಗೆ ಕೈ ಚಾಚಿದಾಗ ಶಾರದಾಬಾಯಿ ಅವಳ ಕೈ ಹಿಡಿದರು.

"ನೀ ಬ್ಯಾಡ. ನಾ ಒತ್ತತೀನಿ. ಏನರ ಆಗೋದಿದ್ರ ನನಗಾಗ್ಲಿ."

ಮುದುಕಿ ಕಣ್ಣು ಮುಚ್ಚಿ, ಬರಿ ಬೆರಳಿನಿಂದ ಗುಂಡಿ ಒತ್ತಿದರು. ಫ್ಯಾನು ಜಗ್ಗಿತು. ತಿರುಗಿತು. ಪರದೆ ಬೆಳಗಿತು. ಮುದುಕಿಯ ಬೆರಳು ಮಾತ್ರ ಗುಂಡಿಗೆ ಅಂಟಿದಂತೆ ಅಲ್ಲೇ ಇತ್ತು.

"ಅಮ್ಮಾ, ಬೆರಳು ತೆಗೀರಿ!" ಜಹೀರುದ್ದೀನ್ ಕಿರುಚಿದ. "ಒತ್ತಿ ಹಿಡಿದ್ರ ಮತ್ತ ಬಂದ್ ಆಗ್ತದ!"

ಅವರು ಬೆಚ್ಚಿ ಕೈ ಹಿಂದೆಳೆದರು. ಮೊದಲು ನಕ್ಕವಳು ಮಲ್ಲಿಕಾ. ಆ ಕೋಣೆಯಲ್ಲಿ ಹೋದ ಬೇಸಿಗೆಯ ನಂತರ ಯಾರೂ ನಕ್ಕಿರಲಿಲ್ಲ.

"ಏ ವಿವೇಕಾ, ಸಾಹೇಬ್ರಿಗಿ ಕೆಂಪು ಬಾಳಿಹಣ್ಣು ಕೊಡಪ್ಪಾ, ಬಿಸಲಾಗ ಬಂದಾರ," ಎಂದರು ಶಾರದಾಬಾಯಿ, ಕಣ್ಣೊರೆಸಿಕೊಳ್ಳುತ್ತ.

ವಿವೇಕಾನಂದ ಹಣ್ಣು ತರಲು ಒಳಗಿನ ಕತ್ತಲೆ ಕೋಣೆಗೆ ಹೋದ. ಅಲ್ಲಿ ಸ್ವಿಚ್ಚು ಟಕ್ ಎಂದಿತು, ದೀಪ ಹತ್ತಿತು. ದೌಲಪ್ಪ ತಿರುಗಿ ನೋಡಿದ. ಬಿದಿರಿನ ಕೋಲು ಗೋಡೆಗೆ ಒರಗಿಸಿದ ಕಡೆಯೇ ಇತ್ತು.