ಗಿಳಿ ಕೂರಿಸಿದ ಮುಚ್ಚಳ

ಇದು ಐವತ್ನಾಲ್ಕನೇ ಇಸವಿಯಲ್ಲಿ, ಹುಣಸೂರಿನ ನನ್ನ ಮರಗೆಲಸದ ಅಂಗಡಿಯಲ್ಲಿ ಹಾಡಹಗಲೇ ನಡೆದದ್ದು. ಕಟ್ಟೆಮಳಲವಾಡಿಯ ಪುಟ್ಟಮಾದಮ್ಮ, ತೀರಿಹೋದ ಮಗುವಿನ ಕಾಲ್ಗಡಗ ಇಡಲು ಪೆಟ್ಟಿಗೆ ಬೇಕೆಂದು ಅದರ ತೊಟ್ಟಿಲ ಬೀಟೆ ಹಲಗೆಯನ್ನೇ ತಂದುಕೊಟ್ಟಿದ್ದಳು. ಮುಚ್ಚಳದಲ್ಲಿ ಗುಳಿ ಕೊರೆದು ಬಿಳಿಮರದ ಗಿಳಿ ಕೂರಿಸಿದೆ. ಅಂಟು ಹಿಡಿದಿದೆಯೇ ಎಂದು ವಾಡಿಕೆಯಂತೆ ಬೆರಳಿನ ಗೆಣ್ಣಿನಿಂದ ತಟ್ಟಿದೆ.

ಒಳಗಿನಿಂದ ಯಾರೋ ತಿರುಗಿ ತಟ್ಟಿದರು.

ಅದು ಒಂದೇ ಗಟ್ಟಿ ಹಲಗೆ. ಒಳಗು ಎಂಬುದೇ ಅದಕ್ಕಿರಲಿಲ್ಲ. ಕುತೂಹಲಕ್ಕೆ ಬೇಗ ಬೇಗ ತಟ್ಟಿದೆ. ಅದೂ ಬೇಗ ಬೇಗ ತಟ್ಟಿತು. ಗಿಳಿ ಬೆಚ್ಚಗಾಗಿತ್ತು.

ಪಕ್ಕದಲ್ಲೇ ಕೂತಿದ್ದ ಪುಟ್ಟಮಾದಮ್ಮ ಮುಚ್ಚಳವನ್ನು ಮಡಿಲಿಗೆಳೆದುಕೊಂಡು ಅಂಗೈಯಿಂದ ನಿಧಾನವಾಗಿ ತಟ್ಟತೊಡಗಿದಳು. ಒಳಗಿನ ಸದ್ದು ತಡೆದು ತಡೆದು ನಿಂತಿತು.

"ಮಲಿಕಂತು ಕಣ್ರೀ ಸಾಬ್ರೇ. ಇನ್ನ ಎಬ್ಬುಸ್ಬ್ಯಾಡಿ."

ಮುಚ್ಚಳದ ಕೀಲುಗಳಿಗೆ ಮೊಳೆ ಹೊಡೆಯುವುದೊಂದು ಬಾಕಿಯಿತ್ತು. ಸುತ್ತಿಗೆ ಎತ್ತಲು ಕೈ ಏಳಲಿಲ್ಲ. ಆ ಮುಚ್ಚಳಕ್ಕೆ ಇವತ್ತಿಗೂ ಮೊಳೆ ಬಿದ್ದಿಲ್ಲ.