ಗೌರಿಬಿದನೂರಿಗೆ ಹೋದ ಫೋಟೋ

“ಮೆಲ್ಲಗೆ ರೀ. ಅದು ಚೊಂಬು, ಚಪಾತಿ ಹಿಟ್ಟಲ್ಲ.”

ಶ್ಯಾಮಲ ಬೆಚ್ಚಿ ಮೌಸ್‌ನಿಂದ ಕೈ ತೆಗೆದಳು. ಕಂಪ್ಯೂಟರ್ ಪರದೆಯ ಮೇಲಿದ್ದ ಹಿತ್ತಾಳೆ ಚೊಂಬು ಒಂದು ಕಡೆ ಸೋರೆಕಾಯಿಯಂತೆ ಉಬ್ಬಿಹೋಗಿತ್ತು.

ಚಿಂತಾಮಣಿಯ ಆ ಫೋಟೋ ಸ್ಟುಡಿಯೋಗೆ ಕಂಪ್ಯೂಟರ್ ಬಂದ ವರ್ಷ ಅದು, 1998. ಫೋಟೋ ತಿದ್ದುವುದನ್ನು ಕಲಿಯಲು ಬಂದವಳಿಗೆ ನೆಗ್ಗಿದ ಚೊಂಬನ್ನು ಸರಿಮಾಡುವುದೇ ಮೊದಲ ಪಾಠ. ಕಲಿಸುತ್ತಿದ್ದವನು ಚಲಪತಿ. ಊರಲ್ಲೇ ತನ್ನ ಸೋದರಮಾವನ ಮನೆಯಲ್ಲಿದ್ದ ಅವನನ್ನು ಅವಳು ಚಿಂತಾಮಣಿಯವನೆಂದೇ ತಿಳಿದಿದ್ದಳು.

“ನೆಗ್ಗಿದ ಕಡೆ ಒಳಗಿಂದ ಹೊರಕ್ಕೆ ತಳ್ಳಿ. ಸ್ವಲ್ಪ ಸ್ವಲ್ಪ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಮತ್ತೆ ಮೌಸ್ ಹಿಡಿದಳು.

ಕಾರ್ತಿಕದ ಹೊತ್ತಿಗೆ ಅವಳ ಕೈ ಪಳಗಿತ್ತು. ಮನಸ್ಸು ಅವನಲ್ಲಿ ನಿಂತಿತ್ತು. ಅವನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಒಂದು ಸಂಜೆ ಅಪ್ಪ ಮುನಿಗಂಗಪ್ಪ ಹೇಳಿದರು. “ಗೌರಿಬಿದನೂರಿಂದ ನಿನ್ನ ಕೇಳ್ಕೊಂಡು ಬಂದವ್ರೆ ಕಣಮ್ಮ. ಹುಡುಗನ ತಾಯಿಗೆ ನಿನ್ನ ಫೋಟೋ ಬೇಕಂತೆ.”

“ಹುಡುಗ ಯಾರಪ್ಪ?”

“ಅವರು ಒಪ್ಪಲಿ, ಆಮೇಲೆ ಹೇಳ್ತೀನಿ.”

ಹಿಂದೊಂದು ಸಂಬಂಧ ತಪ್ಪಿದಾಗಿನಿಂದ ಅವರು ಗಂಡಿನ ಹೆಸರನ್ನು ಮೊದಲೇ ಹೇಳುತ್ತಿರಲಿಲ್ಲ.

ಬೇಡ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ತಾಯಿಯಿಲ್ಲದ ಮನೆ. ಯಾರಲ್ಲಿ ಹೇಳಿಕೊಳ್ಳುವುದು?

ಮರುದಿನ ಚಲಪತಿ ಒಂದು ಮದುವೆಯ ಫೋಟೋ ತೆಗೆಯಲು ಹೋಗಿದ್ದಾಗ, ಅವಳು ತನ್ನ ಫೋಟೋವನ್ನೇ ಸ್ಕ್ಯಾನ್ ಮಾಡಿದಳು. ದವಡೆಯನ್ನು ಅಗಲಕ್ಕೆ ಎಳೆದಳು. ಒಂದು ಕಣ್ಣನ್ನು ಕೆಳಕ್ಕೆ ಜಗ್ಗಿದಳು. ಮೂಗಿನ ಬಳಿ ಕೈ ನಿಂತಿತು. ಅದು ತೀರಿಹೋದ ಅಮ್ಮನ ಮೂಗು. ಅದನ್ನು ಹಾಗೆಯೇ ಬಿಟ್ಟಳು.

‘ಭಗವಂತ, ಇದು ಪಾಪವಾದರೆ ನನಗೊಬ್ಬಳಿಗೇ ಇರಲಿ...’

ಆ ಪ್ರಿಂಟ್ ಹಾಕಿ ಅವಳು ಅಂಟಿಸಿಕೊಟ್ಟ ಕವರನ್ನು ಅಪ್ಪ ಬಿಚ್ಚಿಯೂ ನೋಡದೆ ಒಯ್ದರು. ಅಲ್ಲಿ ಅಪ್ಪನಿಗೆ ಅವಮಾನವಾದರೆ? ಇಷ್ಟಾದರೂ ಅವರು ಒಪ್ಪಿಬಿಟ್ಟರೆ?

ಸೋಮವಾರ ಚಲಪತಿ ಅದೇ ಫೋಟೋವನ್ನು ತಂದು ಅವಳ ಮುಂದಿಟ್ಟ. ಅವನ ಮುಖ ಬಾಡಿತ್ತು.

“ಒಲ್ಲೆ ಅನ್ನೋದಿದ್ರೆ ಬಾಯಲ್ಲೇ ಹೇಳ್ಬಹುದಿತ್ತು. ನಾನು ಕಲಿಸಿದ್ರಲ್ಲೇ ಹೇಳ್ಬೇಕಿತ್ತೇನ್ರೀ?”

“ಇದು... ನಿಮ್ಮ ಕೈಗೆ ಹೆಂಗೆ ಬಂತು?”

“ನಮ್ಮಮ್ಮ ಕೊಟ್ರು. ಗೌರಿಬಿದನೂರೇ ನಮ್ಮೂರು. ಕಲಿಯೋಕೆ ಬಂದೋರನ್ನ ಅಂಗಡೀಲಿ ನಾನೇ ಕೇಳೋದು ಸರಿಯಲ್ಲ ಅಂತ, ಅಮ್ಮನ ಕೈಲಿ ಹೇಳಿ ಕಳಿಸ್ದೆ.”

ಶ್ಯಾಮಲ ಆ ಫೋಟೋವನ್ನು ಬೋರಲು ಹಾಕಿದಳು.

“ಹುಡುಗ ಯಾರೂಂತ ಅಪ್ಪ ಹೇಳ್ಲೇ ಇಲ್ಲ. ಬೇರೆ ಯಾರೋ ಅಂದ್ಕೊಂಡೆ... ನಿಮ್ಮನ್ನ ಬಿಟ್ಟು ಹೋಗೋಕೆ ಆಗದೆ ಹಿಂಗ್ಮಾಡ್ದೆ.”

ಚಲಪತಿ ಕಣ್ಣೊರೆಸಿಕೊಂಡು ನಕ್ಕುಬಿಟ್ಟ.

ಅವಳಿಗೆ ನಗು ಬರಲಿಲ್ಲ. “ನಿಮ್ಮಮ್ಮ ಏನಂದ್ರು?”

“ಫೋಟೋನ ತಿರುಗಿಸಿ ತಿರುಗಿಸಿ ನೋಡಿದ್ರು. ‘ಮೊಖ ಹೆಂಗಾದ್ರೂ ಇರ್ಲಿ ಕಣಪ್ಪ, ನೀನು ಮೆಚ್ಚಿದ್ದೀಯ, ನಮ್ಮನೆಗೆ ಬರ್ಲಿ’ ಅಂದ್ರು.”

ಶ್ಯಾಮಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಅಳು ನಿಲ್ಲುವವರೆಗೆ ಕಾದ.

“ಅಮ್ಮನಿಗೆ ತೋರ್ಸೋಕೆ ಸರಿಯಾದ ಪ್ರಿಂಟ್ ಒಂದು ಹಾಕ್ಲಾ?”

“ಬೇಡ. ನಾನೇ ಬಂದು ಕಾಲಿಗೆ ಬೀಳ್ತೀನಿ ಅಂತ ಹೇಳಿ.”